ಅವ್ವನ ಏಜೆಂಟ್ ಜವರ

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಜವರ. ಕಟ್ಟುಮಸ್ತಾದ ಆಳು, ಹೇಳಿದ ಕೆಲಸ ಮಾಡುವವನು. ಹೇಳಿದ್ದನ್ನೇ ಮಾಡುವುದೇ ಅವನ ರೋಗ. "ಹಾಲು ಉಕ್ಕೋದನ್ನ ನೋಡ್ಕೊಳೋ" ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತಾ ಕೂರುವನು. "ಅಯ್ಯೋ, ನಿನ್ನ ಕಟ್ಕೊಂಡು ನಾನೇನು ಮಾಡ್ಲೋ!" ಅಂತ ಅವಳು ಹಣೆ ಚಚ್ಚಿಕೊಂಡರೆ, "ಏನೂ ಮಾಡ್ಬೇಡ, ಕೂತ್ಕೊ ಅವ್ವ" ಅನ್ನುವನು. ಪಾಪ, ಅವ್ವನ ಮೇಲೆ ಪ್ರೀತಿಗೇನೂ ಕಡಿಮೆಯಿರಲಿಲ್ಲ.

ಹೊಂಬಾಳಮ್ಮ ಬಸ್ ಸ್ಟಾಂಡಿನ ಹತ್ತಿರ ಇಡ್ಲಿ ಮಾರುವವಳು. ಇರುವುದು ಕೆಳಗಿನ ಬೀದಿಯಲ್ಲಿ. ಆ ಬೀದಿಗೆ ನಲ್ಲಿಯಿಲ್ಲ, ಹೆಂಗಸರಿಗೆಲ್ಲ ಊರಾಚೆಯಿಂದ ಕೊಡ ಹೊತ್ತು ಹೊತ್ತು ನಡು ಬಿದ್ದುಹೋಗಿತ್ತು. ಕೇಳಿ ಕೇಳಿ ಸಾಕಾಗಿ, "ನಾನೇ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತ್ಕೋತೀನಿ, ಗೆದ್ದು ನಲ್ಲಿ ಹಾಕಿಸ್ತೀನಿ!" ಅಂದಳು. ಎದುರಾಳಿ ಮೇಲಿನ ಬೀದಿಯ ಮರಿಲಿಂಗೇಗೌಡ. ಅವನು ಕಾರಿನಲ್ಲಿ ಮೈಕು ಕಟ್ಟಿಕೊಂಡು ಹೊರಟ. ಇವಳಿಗೆ ಕಾರೆಲ್ಲಿಂದ ಬರಬೇಕು? ಇದ್ದದ್ದು ಜವರನ ಕೈಲಿದ್ದ ಫೋನು.

ಆ ಫೋನಿನೊಳಗೆ 'ಊರ ಕಟ್ಟೆ' ಅಂತ ಒಂದು ಗುಂಪು. ಊರಿನವರೂ ಇದ್ದರು, ಎಲ್ಲಿಯವರೋ ಏನೋ ಗೊತ್ತಿಲ್ಲದವರೂ ಇದ್ದರು. ಮುಖ ಇರಬೇಕಾದ ಕಡೆ ಒಬ್ಬನಿಗೆ ಹುಲಿ, ಒಬ್ಬನಿಗೆ ಸಿಂಹ, ಒಬ್ಬಳಿಗೆ ಗುಲಾಬಿ. ಭೂಮಿ ದುಂಡಗಿದೆಯೋ ಚಪ್ಪಟೆಯೋ, ಚಂದ್ರನ ಮೇಲೆ ಮನುಷ್ಯ ಹೋದನೋ ಇಲ್ಲವೋ, ಯಾವ ಪಕ್ಷ ದೇಶ ಹಾಳುಮಾಡಿತು, ಇವೇ ಜಗಳ. ಕಂಡು ಕೇಳರಿಯದವರು ಒಬ್ಬರ ವಂಶವನ್ನೊಬ್ಬರು ಜಾಲಾಡುತ್ತಿದ್ದರು. ಕೆಲಸವಿಲ್ಲದವರ ಕೆಲಸ, ಬಿಡಿ.

"ಜನ ಎಲ್ಲಾ ಅಲ್ಲೇ ಬಿದ್ದವ್ರೆ. ನೀನೂ ಹೋಗಿ ಬೆರಿ. ಅವ್ರು ಹೇಳಿದ್ದನ್ನ ಕೇಳು" ಅಂದಳು ಅವ್ವ.

ಜವರ ಕೇಳಿದ. ಹುಲಿ ಮುಖದವನು ಬರೆದಿದ್ದ: "ಮೊಬೈಲ್ ಟವರಿನ ಕಿರಣಕ್ಕೆ ಕೋಳಿಗಳು ಸಾಯ್ತವೆ. ಲೋಹದ ಒಳಗಿಟ್ರೆ ಮಾತ್ರ ಬದುಕ್ತವೆ. ಇದು ವಿಜ್ಞಾನ!" ಜವರ ಧಡಬಡಿಸಿ ಎದ್ದು, ಮನೆಯ ಕೋಳಿಗಳನ್ನೆಲ್ಲ ಹಿಡಿದು, ದೊಡ್ಡ ಇಡ್ಲಿ ಪಾತ್ರೆಯೊಳಗೆ ಕೂರಿಸಿ ಮುಚ್ಚಳ ಮುಚ್ಚಿದ. ಬೆಳಗಿನ ಜಾವ ಅವ್ವ ನಿದ್ದೆಗಣ್ಣಲ್ಲಿ ಒಲೆ ಹಚ್ಚಿದಳು. ಪಾತ್ರೆ ಕೊಕ್ಕೊಕ್ಕೋ ಅಂತು! ಮುಚ್ಚಳ ಹಾರಿತು, ಕೋಳಿಗಳು ಹಾರಿದವು, ಹಿಟ್ಟಿನ ಬೋಸಿ ಮಗುಚಿಕೊಂಡಿತು.

"ಥೂ ಮಂಕೇ! ಯಾವನೋ ಏನೋ ಅಂದ್ರೆ ನಂಬೋದೇನೋ? 'ಸಾಕ್ಷಿ ಎಲ್ಲಿ? ಸಾಕ್ಷಿ ತೋರ್ಸು' ಅಂತ ಕೇಳ್ಬೇಕು ಕಣೋ!"

"ಆಯ್ತು ಕಣವ್ವ, ಹಂಗೇ ಕೇಳ್ತೀನಿ."

ಮಾರನೆಯ ದಿನ ಪುಟ್ಟಮಾದಯ್ಯನ ಮಗ ಕಟ್ಟೆಯಲ್ಲಿ ಬರೆದ: "ನಮ್ಮ ತಂದೆಯವರು ತೀರಿಕೊಂಡರೆಂದು ತಿಳಿಸಲು ವಿಷಾದಿಸುತ್ತೇವೆ." ಮನೆ ತುಂಬ ಓಟಿರುವ ದೊಡ್ಡ ಕುಟುಂಬ ಅದು. ಜವರ ಬರೆದ: "ಸಾಕ್ಷಿ ಎಲ್ಲಿ? ಮೊನ್ನೆ ಬೀಡಿ ಸೇದ್ತಾ ಕೂತಿದ್ದನ್ನ ನಾನೇ ನೋಡಿದೀನಿ. ಸಾಕ್ಷಿ ತೋರ್ಸಿ!" ಅವರು ಹೆಣದ ಫೋಟೊ ಹಾಕಿದರು. "ನಿದ್ದೆ ಮಾಡ್ತಿರಬಹುದು" ಅಂತ ಬರೆದ. ಅವರ ಮನೆಯವರು ದೊಣ್ಣೆ ಹಿಡಿದು ಬಂದರು. ಹೊಂಬಾಳಮ್ಮ ಕಾಲಿಗೆ ಬಿದ್ದು ಕಳಿಸಬೇಕಾಯಿತು.

"ಮುಟ್ಠಾಳ! ಸತ್ತೋರ ಹತ್ರ ಸಾಕ್ಷಿ ಕೇಳ್ತಾರೇನೋ? ಫೋಟೊಗೆ ಹಾರ ಹಾಕಿರೋದು ಕಂಡ್ರೆ 'ಆತ್ಮಕ್ಕೆ ಶಾಂತಿ ಸಿಗಲಿ, ಬಹಳ ಒಳ್ಳೇವ್ರು' ಅಂತ ಬರೀಬೇಕು!"

"ಅಷ್ಟೇ ತಾನೇ? ಬರೀತೀನಿ ಬಿಡವ್ವ."

ಹೊಂಬಾಳಮ್ಮ ನಾಮಪತ್ರ ಕೊಟ್ಟು ಬಂದಳು. ಕೆಳಗಿನ ಬೀದಿಯ ಹೆಂಗಸರು ಖುಷಿಗೆ ಸೇವಂತಿಗೆ ಹಾರ ಹಾಕಿ ಫೋಟೊ ತೆಗೆದು ಕಟ್ಟೆಗೆ ಹಾಕಿದರು. ಜವರ ನೋಡಿದ. ಹಾರ ಇತ್ತು. ಕಣ್ಣೊರೆಸಿಕೊಂಡು ಬರೆದ: "ನಮ್ಮವ್ವನ ಆತ್ಮಕ್ಕೆ ಶಾಂತಿ ಸಿಗಲಿ. ಬಹಳ ಒಳ್ಳೇವ್ರು." ಭೂಮಿ ಚಪ್ಪಟೆ ಅಂದವನೂ ದುಂಡಗಿದೆ ಅಂದವನೂ ಅಂದು ಮೊದಲ ಸಲ ಜಗಳ ಬಿಟ್ಟು ಒಟ್ಟಿಗೆ ಕೈಮುಗಿದರು. ಪಕ್ಕದೂರಿನಿಂದ ಚಿಕ್ಕಮ್ಮ ಎದೆ ಬಡಿದುಕೊಂಡು ಬಂದರೆ, ಅಕ್ಕ ಚಟ್ನಿ ರುಬ್ಬುತ್ತಾ ಕೂತಿದ್ದಾಳೆ! ಚಿಕ್ಕಮ್ಮನಿಗೆ ಅಲ್ಲೇ ತಲೆ ತಿರುಗಿತು.

"ಹೆತ್ತವ್ವನ್ನೇ ಸಾಯಿಸಿದೆಯಲ್ಲೋ ಪಾಪಿ! ಬೀದಿಗೆ ಖುಷಿ ಬಂದಾಗ 'ಭೇಷ್! ಇದು ಹಿಂಗೇ ಮನೆಮನೆಗೂ ಬರ್ಲಿ!' ಅಂತ ಹೊಗಳಬಾರದಿತ್ತೇನೋ?"

"ನೀನು ಹೇಳ್ಲೇ ಇಲ್ವಲ್ಲವ್ವ. ಇನ್ಮೇಲೆ ಹೊಗಳ್ತೀನಿ."

ಅದೇ ವಾರ ಮೇಲಿನ ಬೀದಿಯಲ್ಲಿ ಜ್ವರ ಬಂತು. ಕಟ್ಟೆಯಲ್ಲಿ ಹೊಡೆದಾಟ. ಸೊಳ್ಳೆಯಿಂದ ಅಂತ ಗುಲಾಬಿ, ಟವರಿನಿಂದ ಅಂತ ಹುಲಿ, ಸರ್ಕಾರದಿಂದ ಅಂತ ಸಿಂಹ. ನಡುವೆ ನಮ್ಮ ಜವರ: "ಭೇಷ್! ಇದು ಹಿಂಗೇ ಮನೆಮನೆಗೂ ಬರ್ಲಿ!" ಮೇಲಿನ ಬೀದಿಯವರು ಅವತ್ತಿನಿಂದ ಇವಳ ಇಡ್ಲಿ ಮುಟ್ಟಲಿಲ್ಲ.

"ನಿನ್ನ ಬಾಯಿಗೆ ಮಣ್ಣು ಹಾಕ! ಜನ ನೊಂದ್ಕೊಂಡ್ರೆ 'ತಪ್ಪು ನಮ್ದೇ, ಹೊಟ್ಟೆಗೆ ಹಾಕ್ಕೊಳ್ಳಿ' ಅನ್ಬೇಕು ಕಣೋ!"

ಸರಿ, ಸಿಂಹ ಬರೆಯಿತು: "ಹೊಂಬಾಳಮ್ಮ ಹಳಸಿದ ಹಿಟ್ಟಿನಲ್ಲಿ ಇಡ್ಲಿ ಮಾಡ್ತಾಳೆ. ಗೆದ್ದರೆ ನಲ್ಲಿ ನೀರನ್ನ ತನ್ನ ಮನೆಗೆ ತಿರುಗಿಸ್ಕೋತಾಳೆ. ನಮಗೆ ಬಹಳ ನೋವಾಗಿದೆ." ಜವರ ತಕ್ಷಣ ಬರೆದ: "ತಪ್ಪು ನಮ್ದೇ, ಹೊಟ್ಟೆಗೆ ಹಾಕ್ಕೊಳ್ಳಿ."

ಅವತ್ತು ಹೊಂಬಾಳಮ್ಮ ಬೈಯಲಿಲ್ಲ, ಅತ್ತುಬಿಟ್ಟಳು. ಹಳಸಿದ ಹಿಟ್ಟನ್ನು ಎಂದೂ ಒಲೆಗಿಟ್ಟವಳಲ್ಲ ಅವಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿ ಗುಡುಗಿದಳು. "ನೋಡೋ ಜವರ, ಇನ್ಮೇಲೆ ಯಾರು ಏನೇ ಅನ್ಲಿ, 'ಸುಳ್ಳು! ನಾನು ಒಪ್ಪಲ್ಲ! ಇನ್ನೊಂದ್ಸಲ ನೋಡಿ!' ಅನ್ನು. ಅಪ್ಪಯ್ಯ ದಮ್ಮಯ್ಯ ಅಂದ್ರೂ ಬಗ್ಗಬೇಡ!"

ಜವರ ಬಗ್ಗಲಿಲ್ಲ. ಸಿಂಹ ಏನೇ ಬರೆದರೂ "ಸುಳ್ಳು! ಒಪ್ಪಲ್ಲ!" ಹುಲಿ "ಶುಭೋದಯ" ಅಂದರೂ "ಸುಳ್ಳು! ಒಪ್ಪಲ್ಲ!" ಸಿಂಹ ಸಾಕಪ್ಪಾ ಸಾಕು ಅಂತ ಗುಂಪು ಬಿಟ್ಟು ಓಡಿತು. ಊರಿಗೆಲ್ಲ ನಗುವೋ ನಗು. "ಇಂಥವನ್ನ ಸಾಕಿದವಳು ಊರನ್ನೂ ಸಾಕ್ತಾಳೆ ಬಿಡ್ರೋ" ಅಂತ ಮೇಲಿನ ಬೀದಿಯವರೂ ಕರಗಿ ಓಟು ಹಾಕಿದರು.

ಎಣಿಕೆಯ ದಿನ ಹೊಂಬಾಳಮ್ಮನ ಏಜೆಂಟ್ ಆಗಿ ಜವರನೇ ಮೇಜಿನ ಮುಂದೆ ಕೂತ. ಬೇರೆ ಯಾರಿದ್ದಾರೆ ಪಾಪ ಅವಳಿಗೆ? ಎಣಿಸಿ ಮುಗಿಸಿ ಅಧಿಕಾರಿ ಎದ್ದು ನಿಂತರು.

"ಸೌಟಿನ ಗುರುತಿನ ಹೊಂಬಾಳಮ್ಮ ಸ್ವಲ್ಪ ಓಟಿನ ಅಂತರದಲ್ಲಿ ಗೆದ್ದಿದ್ದಾರೆ. ಯಾರದಾದ್ರೂ ತಕರಾರಿದೆಯಾ?"

ಮರಿಲಿಂಗೇಗೌಡ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

"ಸುಳ್ಳು!" ಅಂತ ಜವರ ಮೇಜು ಗುದ್ದಿದ. "ನಾನು ಒಪ್ಪಲ್ಲ! ಇನ್ನೊಂದ್ಸಲ ನೋಡಿ!"

"ಏನ್ರೀ, ನೀವು ಯಾರ ಕಡೆಯವರು?"

"ನಮ್ಮವ್ವನ ಕಡೆ."

"ಗೆದ್ದಿರೋದು ನಿಮ್ಮವ್ವಾನೇ ಕಣ್ರೀ!"

"ಯಾರೇ ಆಗ್ಲಿ, ಒಪ್ಪಲ್ಲ!"

ಚಪ್ಪಲಿ ಮೆಟ್ಟಿದ್ದ ಗೌಡ ಬಿಚ್ಚಿಟ್ಟು ಮತ್ತೆ ಕೂತ. "ಅವರ ಏಜೆಂಟೇ ಕೇಳ್ತಾವ್ರಲ್ಲಾ ಸ್ವಾಮಿ, ಎಣಿಸಿಬಿಡಿ" ಅಂದ. ಹಿಂದೆ ಬೆಂಚಿನಲ್ಲಿದ್ದ ಹೊಂಬಾಳಮ್ಮ ಕಿರುಚಿದಳು. "ಲೋ! ಬಾಯ್ಮುಚ್ಚೋ! ಇಲ್ಲಿಂದ ಹೊರಗೆ ಹೋಗೋ ತನಕ, ಏನೇ ಕಂಡ್ರೂ, ಯಾರೇ ಕೇಳಿದ್ರೂ, ತುಟಿ ಪಿಟಕ್ ಅನ್ಬಾರ್ದು!"

ಜವರ ಬಾಯಿಗೆ ಬೀಗ ಹಾಕಿಕೊಂಡ. ಎಣಿಕೆ ಮತ್ತೆ ನಡೆಯಿತು. ಈ ಸಲ ಅಧಿಕಾರಿ ಮರಿಲಿಂಗೇಗೌಡನ ಹೆಸರು ಓದಿದರು. "ತಕರಾರಿದೆಯಾ? ಮೇಜಿನ ಮುಂದಿರೋ ಏಜೆಂಟೇ ಹೇಳ್ಬೇಕು" ಅಂತ ಜವರನನ್ನೇ ನೋಡಿದರು. ಎಲ್ಲರೂ ಅವನನ್ನೇ ನೋಡಿದರು. "ಹೇಳೋ! ಒಪ್ಪಲ್ಲ ಅನ್ನೋ!" ಅಂತ ಅವ್ವ ಹಿಂದಿನಿಂದ ಬೇಡಿಕೊಂಡಳು. ಜವರ ಹೊರಬಾಗಿಲ ಕಡೆ ಬೆರಳು ತೋರಿಸಿದ. ಇನ್ನೂ ಒಳಗೇ ಇದ್ದರಲ್ಲ! ಅಧಿಕಾರಿ ಸಹಿ ಹಾಕಿದರು.

ಹೊರಗೆ ಪಟಾಕಿ ಸಿಡಿಯುತ್ತಿತ್ತು. ಹೊಂಬಾಳಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೆಳಗಿನ ಬೀದಿಯ ಹೆಂಗಸರು ಖಾಲಿ ಕೊಡಗಳಿಗೆ ಕುಂಕುಮ ಹಚ್ಚಿ, ನಲ್ಲಿ ಬಂದೇಬಿಟ್ಟಿತೆಂದು ಕಾದು ನಿಂತಿದ್ದರು. ಅವರ ಮುಖ ನೋಡಲಾರದೆ ಅವಳು ತಲೆ ತಗ್ಗಿಸಿದಳು.

ಜವರ ಬಗ್ಗಿ ಮೆಲ್ಲಗೆ ಕೇಳಿದ. "ಅವ್ವ, ಹೊರಗೆ ಬಂದ್ವಿ. ಈಗ ಮಾತಾಡ್ಲಾ?"

"ಇನ್ನೇನು ಉಳಿದದೆ ಮಗ. ಮಾತಾಡು."

"ಎಣಿಸ್ತಾ ಎಣಿಸ್ತಾ ಆ ಅಧಿಕಾರಿ ಯಪ್ಪ ಸೌಟಿನ ಓಟಿನ ಕಟ್ಟೊಂದನ್ನ ತೆಗೆದು ಗೌಡರ ಗುಡ್ಡೆಗೆ ಸೇರಿಸಿಬಿಟ್ಟ ಕಣವ್ವ. ನನ್ನ ಕಣ್ಣಾರೆ ನೋಡ್ದೆ. ಹೇಳ್ಬೇಕು ಅಂತ ನಾಲಿಗೆ ತುದೀಲೇ ಇತ್ತು. ನೀನು ಬೇಡ ಅಂದಿದ್ಯಲ್ಲಾ, ಹಲ್ಲು ಕಚ್ಕೊಂಡು ತಡ್ಕೊಂಡೆ!"

ಅಷ್ಟು ಹೇಳಿ, ಈ ಸಲವಾದರೂ ಅವ್ವ ಭೇಷ್ ಅಂತಾಳೆ ಅಂತ ಅವಳ ಮುಖವನ್ನೇ ನೋಡುತ್ತಾ ನಿಂತ.