ಎಡಗಡೆಯ ಸೀಟು

“ಅವ್ವಾ, ಅವನಿಲ್ಲದೆಯೂ ಎಲ್ಲ ನೆಟ್ಟಗೇ ನಡೆಯುತ್ತಿದೆ. ಹಾಗಿದ್ದಮೇಲೆ ಅವನನ್ನು ಯಾಕೆ ವಾಪಸು ಕರೆಯಬೇಕು?”

ಕೇಳಿದವನು ಕೊಟ್ರಯ್ಯ. ಗುಡ್ಡದ ಬುಡದ ಮಠದಲ್ಲಿ ಅಡುಗೆಯ ಸೇವೆ ಅವನದು. ಅವನೂ ಉಚ್ಚಂಗಪ್ಪನೂ ಬಹಳ ಕಾಲ ಒಂದೇ ಬಿದಿರಿನ ಗಳುವಿಗೆ ಹೆಗಲು ಕೊಟ್ಟು, ಅನ್ನದ ಕೊಪ್ಪರಿಗೆಯನ್ನು ಪಂಕ್ತಿಗೆ ಹೊತ್ತು ತರುತ್ತಿದ್ದರು. ಮಾತಿಗೆ ಮಾತು ಬೆಳೆಯಿತು, ಉಚ್ಚಂಗಪ್ಪ ಮಠ ಬಿಟ್ಟು ಹೋದ. ಕೊಟ್ರಯ್ಯ ಕೊಪ್ಪರಿಗೆಗೆ ಗಾಲಿ ಹಾಕಿಸಿದ. ಈಗ ಒಬ್ಬನೇ ತಳ್ಳಿಕೊಂಡು ಬರುತ್ತಾನೆ. ಒಂದು ಅಗುಳೂ ಚೆಲ್ಲುವುದಿಲ್ಲ.

ಮಠದ ಹಿರಿಯರಾದ ಗುರುತಾಯಿ ಆ ಗಾಲಿಗಳನ್ನು ನೋಡಿದರು. ಆಮೇಲೆ ಮಠದ ಎದುರಿಗೆ ಗುಡ್ಡ ಹತ್ತುವ ರಸ್ತೆಯನ್ನು ನೋಡಿದರು.

“ಈ ರಸ್ತೆಯಲ್ಲೇ ನಡೆದದ್ದೊಂದು ಇದೆ. ಕೂತುಕೋ, ಹೇಳುತ್ತೇನೆ,” ಎಂದರು.

ಒಂದೂರಿನಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ ಇದ್ದರು. ಅವರಿಗೊಂದು ಹಳೆಯ ಕಾರಿತ್ತು. ಎರಡೇ ಸೀಟು. ನೆಲಕ್ಕೆ ಅಂಟಿಕೊಂಡಂಥ ಮೈ, ಹಕ್ಕಿಯಷ್ಟು ಹಗುರ. ಸಂತೆಗೆ ಹೋಗಲಿಕ್ಕೆ, ಮದುವೆಗೆ ಹೋಗಲಿಕ್ಕೆ ಬಾರದು. ಓಟದ ಪಂದ್ಯಕ್ಕೆಂದೇ ಹುಟ್ಟಿದ ಕಾರು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು, ಮನೆ ಹಂಚಿಕೊಂಡರು. ಕಾರನ್ನು ಹಂಚಿಕೊಳ್ಳಲಿಲ್ಲ. ಹಂಚುವುದಾದರೂ ಹೇಗೆ? ಬಲಗಡೆ ಕೂತು ಸ್ಟೇರಿಂಗ್ ಹಿಡಿಯುವವನು ಅಣ್ಣ. ಎಡಗಡೆ ಕೂತು ದಾರಿ ಹೇಳುವವನು ತಮ್ಮ.

ವರ್ಷಕ್ಕೊಮ್ಮೆ ಈ ಗುಡ್ಡದ ತುದಿಯವರೆಗೆ ಕಾರುಗಳ ಪಂದ್ಯ ನಡೆಯುತ್ತಿತ್ತು. ದಾರಿ ನೋಡಿದ್ದೀಯಲ್ಲ, ಎಲ್ಲಿ ಹೊರಳುತ್ತದೋ ಅದಕ್ಕೇ ಗೊತ್ತಿಲ್ಲ. ಬೆಳಗಿನ ಮಂಜು ಇಳಿಯಿತೆಂದರೆ ಮುಂದಿನ ತಿರುವು ದೇವರಿಗೂ ಕಾಣದು. ತಮ್ಮ ಆ ದಾರಿಯನ್ನು ಕಾಲಲ್ಲಿ ನಡೆದೂ ನಡೆದೂ ಬಾಯಿಪಾಠ ಮಾಡಿಕೊಂಡಿದ್ದ. ಕಾರು ಹೊರಟರೆ ಅವನ ಬಾಯಿಯೂ ಹೊರಡುತ್ತಿತ್ತು.

“ಅಣ್ಣಾ, ಮೋರಿ, ಬಲಕ್ಕೆ. ಬಿಡು, ಬಿಡು. ಹುಣಸೆಮರ ಬಂತು, ಎಡಕ್ಕೆ, ಪೂರ್ತಿ ಎಡಕ್ಕೆ. ಹಾಂ, ಈಗ ಬಿಡು.”

ಅಣ್ಣ ಕಣ್ಣಿಗಿಂತ ಹೆಚ್ಚು ಕಿವಿಯಿಂದಲೇ ಕಾರು ಓಡಿಸುತ್ತಿದ್ದ. ಗೆದ್ದಾಗ ಮಾತ್ರ, ಕಣ್ಣಿನಿಂದ ಗೆದ್ದೆ ಎಂದುಕೊಳ್ಳುತ್ತಿದ್ದ.

ಕಾರಿನ ಕೆಲಸ ನೋಡುತ್ತಿದ್ದವನು ಒಬ್ಬ ಮೇಸ್ತ್ರಿ. ಕೈ ಹರಿತ, ನಾಲಿಗೆ ಅದಕ್ಕಿಂತ ಹರಿತ. ಅವನದೊಂದು ಪದ್ಧತಿ ಇತ್ತು. ಪ್ರತಿ ವರ್ಷ ಆಯುಧಪೂಜೆಯ ಮುಂಚೆ ಕಾರಿನ ಅಡಿಯ ಬೋಲ್ಟುಗಳನ್ನು ಸಡಿಲಿಸಿ, ಅಣ್ಣತಮ್ಮ ಇಬ್ಬರನ್ನೂ ಅವರವರ ಸೀಟಿನಲ್ಲಿ ಕೂರಿಸುತ್ತಿದ್ದ. ಬೂಟು, ಹೆಲ್ಮೆಟ್ಟು ಸಮೇತ. ಇಬ್ಬರ ಭಾರಕ್ಕೆ ಕಾರು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ನಿಂತ ಮೇಲೆ ಬೋಲ್ಟು ಬಿಗಿದು, ಚಕ್ರಗಳ ನೇರ ನೋಡುತ್ತಿದ್ದ. ಭಾರ ಕೂರುವುದು ಎಂದು ಅದಕ್ಕೆ ಹೆಸರು. ಕೆಲಸ ಮುಗಿಯುವವರೆಗೆ ಯಾರೂ ಇಳಿಯುವಂತಿಲ್ಲ.

“ಒಂದಕ್ಕೆ ಹೋಗಿ ಬರ್ತೀನಿ ಮೇಸ್ತ್ರಿ,” ಎಂದು ತಮ್ಮ ಗೋಗರೆದರೆ, “ಹೋದರೆ ಅಷ್ಟು ತೂಕ ಕಡಿಮೆ ಆಗ್ತದೆ, ತೆಪ್ಪಗೆ ಕೂತ್ಕೋ,” ಎನ್ನುತ್ತಿದ್ದ. ಅಣ್ಣತಮ್ಮ ಬಿದ್ದು ಬಿದ್ದು ನಗುತ್ತಿದ್ದರು. “ನಗಬೇಡ್ರೋ, ಕಾರು ಅಲ್ಲಾಡ್ತದೆ,” ಎಂದು ಅಡಿಯಿಂದ ಬೈಗುಳ ಬರುತ್ತಿತ್ತು.

ಒಂದು ವರ್ಷ ಅವರು ಗೆದ್ದರು. ಗುಡ್ಡದ ಮೇಲೆ ಶಾಮಿಯಾನ ಹಾಕಿದ್ದರು. ಹಾರ ಒಂದೇ ಇತ್ತು, ಅಣ್ಣನ ಕೊರಳಿಗೆ ಬಿತ್ತು. ಗುಂಪಿನಲ್ಲಿ ಯಾರೋ ಹಿರಿಯರು, “ಅರ್ಧ ಹಾರ ತಮ್ಮಂಗೂ ಸೇರಬೇಕಲ್ಲಪ್ಪಾ,” ಎಂದರು.

ಗೆದ್ದವನ ನಾಲಿಗೆಗೆ ಬ್ರೇಕ್ ಇರುವುದಿಲ್ಲ. ಅಣ್ಣ ನಕ್ಕು, “ಅವನೇನು ಮಾಡ್ತಾನೆ? ಕೂತಿರ್ತಾನೆ. ಅವನ ಜಾಗದಲ್ಲಿ ಒಂದು ಜೋಳದ ಚೀಲ ಇಟ್ಟರೂ ನಾನು ಗೆಲ್ತಿದ್ದೆ. ಚೀಲ ಆದರೆ ದಾರಿಯುದ್ದಕ್ಕೂ ಒದರೋದೂ ಇಲ್ಲ,” ಎಂದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ತನ್ನ ಹೆಲ್ಮೆಟ್ಟನ್ನು ಎಡಗಡೆಯ ಸೀಟಿನ ಮೇಲಿಟ್ಟ. ಗುಡ್ಡ ಇಳಿದು ನಡೆದೇ ಊರು ಸೇರಿದ.

ನಾಳೆ ಬರುತ್ತಾನೆ ಎಂದುಕೊಂಡ ಅಣ್ಣ. ನಾಳೆ ಎಂಬುದು ಬರಲೇ ಇಲ್ಲ. ತಮ್ಮನ ಮನೆ ಆಚೆ ಬೀದಿಯಲ್ಲೇ ಇತ್ತು. ಅಣ್ಣನ ಹೆಂಡತಿ ಹೇಳುವಷ್ಟು ಹೇಳಿದಳು. “ರೀ, ಬಾರಪ್ಪ ಅಂತ ಒಂದೇ ಒಂದು ಮಾತು ಅನ್ನಿ. ನಾಲಿಗೆ ಸವೆದು ಹೋಗ್ತದೇನು?”

“ತಮಾಷೆಗೆ ಅಂದವನು ನಾನು. ಮುನಿಸಿಕೊಂಡವನು ಅವನು. ನಾನ್ಯಾಕೆ ಹೋಗಲಿ?”

ಆಡಿದ್ದು ಅರೆಗಳಿಗೆಯ ಮಾತು. ಅದಕ್ಕೆ ಕಾವಲು ಕೂತದ್ದು ವರ್ಷವಿಡೀ.

ಮುಂದಿನ ಪಂದ್ಯ ಹತ್ತಿರ ಬಂತು. ಪಕ್ಕದಲ್ಲೊಬ್ಬ ಇರಲೇಬೇಕೆಂಬ ಕಟ್ಟಳೆ ಆ ಪಂದ್ಯದಲ್ಲಿರಲಿಲ್ಲ. ಅಣ್ಣ ಒಬ್ಬನೇ ಕಾರು ಹೊರಗೆ ತೆಗೆದ. ತಮ್ಮನಿಲ್ಲದೆ ಗೆದ್ದು ತೋರಿಸಬೇಕು, ಅದೊಂದೇ ಅವನ ತಲೆಯಲ್ಲಿ. ಆದರೆ ವೇಗ ಏರಿದಂತೆ ಕಾರು ಬಲಕ್ಕೆ ಎಳೆಯತೊಡಗಿತು. ಸ್ಟೇರಿಂಗ್ ಕೈಯಲ್ಲಿ ನಡುಗಿತು. ಸಣ್ಣ ಗುಂಡಿ ದಾಟಿದರೂ ಮುಂಭಾಗ ಕುಡಿದವನ ಹಾಗೆ ಅತ್ತ ಇತ್ತ ಹೊಯ್ದಾಡಿತು.

ಅಣ್ಣ ಮೇಸ್ತ್ರಿಯ ಹತ್ತಿರ ಓಡಿದ. ಮೇಸ್ತ್ರಿ ಟೈರಿನ ಗಾಳಿ ನೋಡಿದ. ಜಾಕ್ ಕೊಟ್ಟು ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದ, ಅಕ್ಕಪಕ್ಕ ಹಿಡಿದು ಅಲುಗಿಸಿದ. ಬೇರಿಂಗ್ ಗಟ್ಟಿಯಾಗಿತ್ತು. ಸ್ಟೇರಿಂಗಿನ ಕೀಲುಗಳಲ್ಲಿ ಸಡಿಲವಿರಲಿಲ್ಲ. ಕೆಳಗಿಳಿಸಿ ಬಾನೆಟ್ಟಿನ ಮೂಲೆಯನ್ನು ಅದುಮಿ ಬಿಟ್ಟ. ಕಾರು ಒಮ್ಮೆ ಎದ್ದು ತಣ್ಣಗೆ ನಿಂತಿತು. ರಬ್ಬರು ಬುಷ್ಷುಗಳಲ್ಲೂ ಬಿರುಕಿಲ್ಲ.

“ನಡಿ, ನಾನೂ ಬರ್ತೀನಿ, ಓಡಿಸಿ ತೋರಿಸು,” ಎಂದು ಎಡಗಡೆ ಹತ್ತಿ ಕೂತ.

ಕಾರು ದಾರ ಹಿಡಿದ ಹಾಗೆ ನೆಟ್ಟಗೆ ಓಡಿತು. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲಿಸುವ ಮಗುವಿನ ಹಾಗೆ.

“ಎಲ್ಲಯ್ಯ ರೋಗ? ಓಡಿಸೋದು ಮರೆತಿದ್ದೀಯೋ ಏನೋ,” ಎಂದು ಮೇಸ್ತ್ರಿ ಇಳಿದು ಹೋದ. ಅವನನ್ನು ಇಳಿಸಿ ಮನೆಯ ಕಡೆ ತಿರುಗಿಸಿದ್ದೇ ತಡ, ಕಾರು ಮತ್ತೆ ಬಲಕ್ಕೆ ಎಳೆಯಿತು.

ಅಣ್ಣ ಹಟಕ್ಕೆ ಬಿದ್ದ. ಟೈರು ಬದಲಾಯಿಸಿದ. ಗಟ್ಟಿಯಾಗಿದ್ದ ಕೀಲುಗಳನ್ನೂ ಬದಲಾಯಿಸಿದ. ಮೇಸ್ತ್ರಿಯನ್ನು ಕೂರಿಸಿಕೊಂಡು ಹೋದರೆ ಕಾರು ಸಾಧು. ಒಬ್ಬನೇ ಹೊರಟರೆ ಹುಚ್ಚು. ತಾನು ಸುಳ್ಳುಗಾರನೆಂದು ತೋರಿಸಲೆಂದೇ ಕಾರು ಹೀಗೆ ಮಾಡುತ್ತಿದೆ ಎಂದು ಅವನಿಗೆ ಅನ್ನಿಸಿತು.

ಕೊನೆಗೆ ಒಂದು ದಿನ ಮೇಸ್ತ್ರಿ ಊರ ಹೊರಗಿನ ಬಯಲು ರಸ್ತೆಯಲ್ಲಿ ಮೈಲಿಗಲ್ಲಿನ ಬಳಿ ಇಳಿದುಬಿಟ್ಟ. “ನೀನೊಬ್ಬನೇ ಹೋಗಿ ಬಾ. ನಾನು ಇಲ್ಲಿಂದ ನೋಡ್ತೀನಿ.” ಅಣ್ಣ ಹೋಗಿ ಬಂದ. ಮೈಲಿಗಲ್ಲಿನ ಮೇಲೆ ಕೂತಿದ್ದ ಮೇಸ್ತ್ರಿ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿದ.

“ಕಾರಿಗೆ ಏನೂ ಆಗಿಲ್ಲಪ್ಪ. ಇಷ್ಟು ವರ್ಷ ಇಬ್ಬರನ್ನೂ ಕೂರಿಸಿ ಬಿಗಿದಿದ್ದೀನಿ. ಅದರ ಸ್ಪ್ರಿಂಗುಗಳು ಇಬ್ಬರನ್ನು ಹೊತ್ತೂ ಹೊತ್ತೂ ಹಾಗೇ ಒಗ್ಗಿಹೋಗಿವೆ. ಈಗ ಎಡಗಡೆ ಖಾಲಿ. ಆ ಕಡೆ ಚಕ್ರ ನೆಲ ಮುಟ್ಟಿಯೂ ಮುಟ್ಟದ ಹಾಗೆ ಓಡ್ತಿದೆ. ನಾನು ಕೂತಾಗ ಸರಿಹೋಗ್ತಿದ್ದದ್ದೂ ಅದಕ್ಕೇ.”

“ಹಾಗಾದರೆ ನನ್ನೊಬ್ಬನ ಭಾರಕ್ಕೆ ಹೊಂದಿಸಿಕೊಡು.”

“ಅದಕ್ಕೆ ಬೇರೆ ಸ್ಪ್ರಿಂಗು ಬೇಕು. ಈ ಮುದಿ ಕಾರಿಗೆ ಎಲ್ಲಿಂದ ತರಲಿ? ತಮ್ಮನನ್ನು ಕರಿ. ಇಲ್ಲಾ, ನೀನೇ ಅಂದಿದ್ದೆಯಲ್ಲ, ಜೋಳದ ಚೀಲ ತಂದು ಕೂರಿಸು.”

ಮೇಸ್ತ್ರಿ ಚುಚ್ಚಲೆಂದು ಅಂದದ್ದು. ಅಣ್ಣನಿಗೆ ಅದೇ ವರವಾಯಿತು.

ಅವನು ಮನೆಗೆ ಹೋಗಿ ಚೀಲಕ್ಕೆ ಜೋಳ ತುಂಬಿದ. ತೂಕದ ಕಲ್ಲು ಹುಡುಕಲಿಲ್ಲ. ಎರಡೂ ತೋಳಿನಲ್ಲಿ ಎತ್ತಿ ನೋಡಿದ. ಇನ್ನೊಂದಿಷ್ಟು ಸುರಿದು ಮತ್ತೆ ಎತ್ತಿದ. ತಮ್ಮನನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದ ತೋಳು, ಅದಕ್ಕೆ ತೂಕ ಗೊತ್ತಿತ್ತು. ಚೀಲವನ್ನು ಎಡಗಡೆ ಕೂರಿಸಿ, ತಮ್ಮ ಕಟ್ಟಿಕೊಳ್ಳುತ್ತಿದ್ದ ಪಟ್ಟಿಯಿಂದಲೇ ಬಿಗಿದ. ಸೀಟಿನ ಮೇಲೆ ಉಳಿದಿದ್ದ ಹೆಲ್ಮೆಟ್ಟನ್ನು ಅದರ ತಲೆಗೆ ಇಟ್ಟ. ಹೆಂಡತಿ ನೋಡಿ ಬಾಗಿಲು ಹಾಕಿಕೊಂಡಳು.

ಕಾರು ನೆಟ್ಟಗೆ ಓಡಿತು. ಎಳೆತವಿಲ್ಲ, ನಡುಕವಿಲ್ಲ. ಅಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೇಕೆಂದೇ ಕಾರನ್ನು ತಮ್ಮನ ಬೀದಿಯಲ್ಲಿ ನಿಧಾನವಾಗಿ ತಂದ.

ತಮ್ಮ ಜಗುಲಿಯ ಮೇಲೆ ಕೂತಿದ್ದ. ಕಾರಿನ ಸದ್ದು ಕೇಳಿ ಎದ್ದ. “ಅಣ್ಣಾ...” ಎಂದು ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಎಡಗಡೆ ಕೂತ ಚೀಲ ಕಂಡಿತು, ಅದರ ತಲೆಯ ಮೇಲೆ ತನ್ನ ಹೆಲ್ಮೆಟ್ಟು ಕಂಡಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಳಗೆ ಹೋದ.

ಹೊಟ್ಟೆಕಿಚ್ಚು ಎಂದುಕೊಂಡ ಅಣ್ಣ.

ಪಂದ್ಯದ ಬೆಳಗ್ಗೆ ಮಂಜು ಹಾಲು ಚೆಲ್ಲಿದ ಹಾಗೆ ಬಿದ್ದಿತ್ತು. ಅಣ್ಣ ಹೊರಟ. ಕಾರು ಹೇಳಿದ ಮಾತು ಕೇಳುತ್ತಿತ್ತು. ಮೊದಲ ತಿರುವುಗಳು ನೆನಪಿನಲ್ಲೇ ದಾಟಿದವು. ಮೋರಿ ಸಿಕ್ಕಿತು, ಬಲಕ್ಕೆ ಹೊರಳಿಸಿದ. ಇನ್ನು ಹುಣಸೆಮರ ಬರಬೇಕು, ಅಲ್ಲಿ ಎಡಕ್ಕೆ. ಅವನು ಮಂಜಿನಲ್ಲಿ ಮರದ ಕಪ್ಪನ್ನು ಹುಡುಕಿದ. ಮಳೆಗಾಲದಲ್ಲಿ ಆ ಮರ ಬುಡಸಮೇತ ಉರುಳಿತ್ತು, ರಸ್ತೆ ಕೆಲಸದವರು ಕಡಿದು ಸಾಗಿಸಿದ್ದರು. ಈಗಲೂ ಆ ದಾರಿಯಲ್ಲಿ ನಡೆಯುತ್ತಿದ್ದ ತಮ್ಮನಿಗೆ ಅದು ಗೊತ್ತಿತ್ತು. ಈ ವರ್ಷ ಕಾರನ್ನು ಊರ ರಸ್ತೆಯಲ್ಲಷ್ಟೇ ಓಡಿಸಿ ನೋಡಿದ್ದ ಅಣ್ಣನಿಗೆ ಗೊತ್ತಿರಲಿಲ್ಲ.

ಮರ ಕಾಣಲಿಲ್ಲ. ಅವನ ಕೈಗಳು ತಾವಾಗಿಯೇ ಮಾತಿಗೆ ಕಾದವು. ಇಷ್ಟು ವರ್ಷ ಮಾತು ಬಂದಮೇಲೆ ತಿರುಗಿದ ಕೈಗಳು ಅವು. ಕಿವಿ ಎಡಗಡೆಗೆ ವಾಲಿತು. ಎಡಗಡೆ ಚೀಲವಿತ್ತು. ಚೀಲ ಒದರಲಿಲ್ಲ.

ಮಂಜು ಕರಗಿದ ಮೇಲೆ ಜನ ಹಗ್ಗ ಹಿಡಿದು ಕಮರಿಗೆ ಇಳಿದರು. ಅಣ್ಣ ಹೋಗಿಬಿಟ್ಟಿದ್ದ. ಮೇಸ್ತ್ರಿ ನುಜ್ಜಾದ ಕಾರಿನ ಚಕ್ರವನ್ನು ಹಿಡಿದು ಅಲುಗಿಸಿ ನೋಡಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಮುಚ್ಚಿಕೊಂಡ. ಎಡಗಡೆಯ ಸೀಟಿನಲ್ಲಿ ಪಟ್ಟಿ ಬಿಗಿದ ಹಾಗೇ ಚೀಲ ಕೂತಿತ್ತು. ಒಂದು ಕಾಳೂ ಚೆಲ್ಲಿರಲಿಲ್ಲ.

ಅಣ್ಣನನ್ನು ನಾಲ್ವರು ಎತ್ತಿದರು. ತಮ್ಮ ಪಟ್ಟಿ ಬಿಚ್ಚಿ, ಆ ಚೀಲವನ್ನು ಬೆನ್ನಿಗೇರಿಸಿಕೊಂಡು ಅವರ ಹಿಂದೆ ಗುಡ್ಡ ಹತ್ತಿದ. ಯಾರೋ ಕೈ ಹಾಕಲು ಬಂದರೆ ಬಿಡಲಿಲ್ಲ. “ನನ್ನಷ್ಟೇ ಭಾರ ಇದೆ,” ಎಂದನಂತೆ. ಅದಾದಮೇಲೆ ಅವನು ಯಾರಿಗೂ ದಾರಿ ಹೇಳಲಿಲ್ಲ.

ಗುರುತಾಯಿ ಕತೆ ನಿಲ್ಲಿಸಿದರು. ಕೊಟ್ರಯ್ಯ ಗಾಲಿಗಳ ಕಡೆಗೆ ಬೆನ್ನು ತಿರುಗಿಸಿ ಕೂತ. ಆಮೇಲೆ ಮೆಲ್ಲಗೆ ಕೇಳಿದ.

“ಇಷ್ಟೆಲ್ಲ ಮಾಡಿದರೂ ಆ ಕಾರು ಕೊನೆಗೆ ನೆಟ್ಟಗೆ ಹೋಗಲಿಲ್ಲವೇ ಅವ್ವಾ?”

“ನೆಟ್ಟಗೇ ಹೋಯಿತು ಮಗಾ, ತಿರುಗಿದ್ದು ರಸ್ತೆ.”