ಜಿಂಕೆ ಅಳಿಸಿದ ಹೆಜ್ಜೆಗಳು

ಕೆರೆಗೆ ಎರಡು ಸುತ್ತು ಓಡಿ ಗೆದ್ದವರು ದಡದ ಹಸಿ ಜೇಡಿಮಣ್ಣಿನಲ್ಲಿ ಒಂದು ಹೆಜ್ಜೆಯೂರುವುದು ಆ ಕಾಡಿನ ರೂಢಿ. ಜಿಂಕೆ ಏಳು ಸಲ ಊರಿದ್ದಳು. ಏಳನೆಯ ಸಲ ಇರುವೆಗಳು ಅವಳ ಬಾಯಿಯ ನೊರೆ ನೆಕ್ಕಿ, ಮುಳ್ಳುಹಂದಿ ಅಗೆದು ಕೊಡುವ, ತಿಂದವರ ಓಟಕ್ಕೆ ಸುಳ್ಳು ಬಲ ತುಂಬುವ ಕಳ್ಳಬೇರಿನ ರುಚಿಯಿದೆ ಎಂದವು.

"ಎರಡು ಮಳೆಗಾಲ ನೀನು ಓಡುವಂತಿಲ್ಲ. ಬೇರು ತಿಂದು ಗೆದ್ದ ಹೆಜ್ಜೆಗಳನ್ನು ನೀನೇ ಅಳಿಸು," ಎಂದ ಓಟದ ತೀರ್ಪು ಹೇಳುವ ಕೊಕ್ಕರೆಜ್ಜ.

"ಎಲ್ಲರೂ ತಿಂತಾರೆ ಅಂತ ಮುಳ್ಳುಹಂದಿ ಮಾವ ಹೇಳಿದ್ದ, ಅಜ್ಜ."

"ಅವನು ಒಂದು ದಿನವಾದರೂ ಓಡಿದ್ದಾನೇನೇ?"

ಜಿಂಕೆ ತಲೆತಗ್ಗಿಸಿ ಆರು ಹೆಜ್ಜೆ ಅಳಿಸಿದಳು.

"ಮೊದಲನೆಯದು ಇರಲಿ ಬಿಡು. ಆರು ಸಲ ಬೇರು ಕೊಟ್ಟೆ ಅಂತಷ್ಟೇ ಮುಳ್ಳುಹಂದಿ ಒಪ್ಪಿದ್ದಾನೆ, ಅದಕ್ಕೆ ಸಾಕ್ಷಿಯಿಲ್ಲ."

"ನನಗೆ ಗೊತ್ತಲ್ಲ ಅಜ್ಜ," ಎಂದು ಅದನ್ನೂ ಅಳಿಸಿದಳು.

"ಇನ್ನು ನಿನ್ನದೇನೂ ಉಳಿಯಲಿಲ್ಲವಲ್ಲೇ ಮಗಳೇ!"

"ಅದಕ್ಕೂ ಮುಂಚೆ, ಬೇರು ತಿನ್ನದೆ ಒಂದು ಸಲ ಓಡಿದ್ದೆ. ನಾಲ್ಕನೆಯವಳಾಗಿ ಬಂದೆ. ಕಾಲು ನಡುಗುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ಅಮ್ಮ ಕಿವಿ ನೆಕ್ಕುತ್ತ, ಎಷ್ಟು ಚೆಂದ ಓಡಿದೆಯೇ ಅಂದಿದ್ದಳು. ನಿಮಗೆ ನೆನಪಿದೆಯಾ?"

ಕೊಕ್ಕರೆಜ್ಜ ಕತ್ತು ಅಲ್ಲಾಡಿಸಿದ. "ಇಲ್ಲ ಕಣೇ. ನಾಲ್ಕನೆಯವರನ್ನು ಯಾರು ನೆನಪಿಟ್ಟುಕೊಳ್ತಾರೆ?"

"ಹಾಗಾದರೆ ಅದನ್ನು ಅಳಿಸು ಅಂತಲೂ ಯಾರೂ ಹೇಳೋದಿಲ್ಲ," ಎಂದಳು ಜಿಂಕೆ. ಆ ದಿನ ಅವಳು ಮೊದಲ ಸಲ ತಲೆಯೆತ್ತಿ ಕೆರೆಯನ್ನು ನೋಡಿದಳು.