ಅಣ್ಣನ ಪೆಟ್ಟು ತಿಂದ ಬೂಷ್ಟು

ದ್ರಾಕ್ಷಿ ಬೆಳೆಗಾರ ಸಂಗನಬಸಪ್ಪನವರ ಶ್ವಾಸಕೋಶದಲ್ಲಿ ಬೂಷ್ಟೊಂದು ಬೇರುಬಿಟ್ಟಿತ್ತು. ಅದನ್ನು ಕೊಲ್ಲಲು ವೈದ್ಯರು ಒಂದು ಮಾತ್ರೆಯನ್ನು ಕಳಿಸಿದರು. ತನ್ನೆದುರು ಯಾವ ಬೂಷ್ಟೂ ನಿಲ್ಲದು ಎಂಬ ಹೆಮ್ಮೆ ಮಾತ್ರೆಗೆ. ಬಂದದ್ದೇ ಗದರಿತು: "ಗಂಟುಮೂಟೆ ಕಟ್ಟು!"

ಬೂಷ್ಟು ಅಲುಗಾಡಲಿಲ್ಲ. "ನಿನ್ನ ಮುಖ ಎಲ್ಲೋ ನೋಡಿದ ಹಾಗಿದೆ. ತೋಟಕ್ಕೆ ಹೊಡೆಯುವ ಔಷಧ ನಿನ್ನ ಅಣ್ಣನಲ್ಲವೆ?"

"ಹೌದು. ಅವನು ಬಳ್ಳಿಯ ರೋಗಕ್ಕೆ, ನಾನು ಮನುಷ್ಯರ ರೋಗಕ್ಕೆ. ಇಬ್ಬರ ಪೆಟ್ಟೂ ಒಂದೇ."

"ಅದೇ ನನಗೆ ಅನುಕೂಲವಾಯಿತು. ನಮ್ಮವರು ಈ ಸಂಗನಬಸಪ್ಪನವರ ತೋಟದ ತಿಪ್ಪೆಯಲ್ಲಿದ್ದರು. ಬಳ್ಳಿಗೆ ರೋಗ ಬಂದಾಗ ಇವರು ನಿನ್ನಣ್ಣನನ್ನು ಕರೆದರು, ಬಾರದಿದ್ದಾಗಲೂ ಕರೆದರು. ಪಕ್ಕದ ತೋಟದವರು ಹೊಡೆಸಿದರೆಂದು ಮತ್ತೊಮ್ಮೆ ಕರೆದರು. ಪ್ರತಿಸಲವೂ ನಮ್ಮ ಮೇಲೂ ಬಿತ್ತು. ಬಹಳ ಮಂದಿ ಸತ್ತರು. ಆ ಪೆಟ್ಟಿಗೆ ಜಗ್ಗದವರಷ್ಟೇ ಉಳಿದು ಸಂಸಾರ ಬೆಳೆಸಿದರು. ಅವರ ಮೊಮ್ಮಗ ನಾನು. ಇವರ ಉಸಿರಿನ ಜೊತೆ ಒಳಗೆ ಬಂದೆ. ಎಲ್ಲಿ, ನೀನೂ ಒಂದು ಕೈ ನೋಡು."

ಮಾತ್ರೆ ಇದ್ದಬಿದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆಯಿತು. ಬೂಷ್ಟು ಮೈ ಕೊಡವಿಕೊಂಡು ಮತ್ತೆ ಹಬ್ಬತೊಡಗಿತು.

ಅಣ್ಣನ ಮೇಲೆ ಮಾತ್ರೆಗೆ ಸಿಟ್ಟು ಬರಲಿಲ್ಲ. ಕಳಿಸಿದಲ್ಲೆಲ್ಲ ಹೋಗಿದ್ದ, ಪಾಪ. ಈ ಒಂದು ದಿನಕ್ಕಾಗಿಯೇ ಹುಟ್ಟಿದ ತಾನು, ಬರುವ ಮೊದಲೇ ಸೋತಿದ್ದೆನಲ್ಲ ಎಂದು ಕರಗುತ್ತ ಕರಗುತ್ತ ಮರುಗಿತು.

ಅಷ್ಟರಲ್ಲಿ ಸಂಗನಬಸಪ್ಪನವರು ಕೆಮ್ಮುತ್ತ ಫೋನಿನಲ್ಲಿ ತಮ್ಮನಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಮೋಡ ಕಟ್ಟೇತಿ ನೋಡು. ರೋಗ ಇಲ್ಲಂದ್ರೂ ಇರ್ಲಿ, ತ್ವಾಟಕ್ಕ ಇನ್ನೊಮ್ಮೆ ಔಷಧ ಹೊಡಿಸಿಬಿಡು."